ಇಳಿಜಾರಿನ ತೋಟಕ್ಕೆ ಕಾಡುಮರದ ನೆರಳು ತಂದ ನನ್ನ ಅನುಭವ

ಬೆಟ್ಟದ ಸೀಮೆಯಲ್ಲಿ ಮೂರನೇ ಎರಡು ಭಾಗ ಕಾಡು ಅಥವಾ ಮರಗಳಿರಬೇಕು ಎನ್ನುವುದು 1988ರ ರಾಷ್ಟ್ರೀಯ ಅರಣ್ಯ ನೀತಿಯ ಗುರಿ. ಲೆಕ್ಕದಲ್ಲಿ ಕೊಡಗು ಇದನ್ನು ಸಲೀಸಾಗಿ ದಾಟುತ್ತದೆ. ಉಪಗ್ರಹ ಚಿತ್ರದಲ್ಲಿ ಒಂದು ಹೆಕ್ಟೇರ್ ಅಥವಾ ಹೆಚ್ಚಿನ ಜಾಗದ ಮೇಲೆ ಶೇ. 10ರಷ್ಟು ಮರದ ನೆರಳಿದ್ದರೆ ಭಾರತೀಯ ಅರಣ್ಯ ಸರ್ವೇಕ್ಷಣೆ ಅದನ್ನು ಅರಣ್ಯವೆಂದೇ ಎಣಿಸುತ್ತದೆ. ಜಮೀನು ಯಾರದ್ದು, ಮರ ಯಾವ ಜಾತಿಯದ್ದು ಎಂಬುದು ಅಲ್ಲಿ ಲೆಕ್ಕಕ್ಕಿಲ್ಲ. ಹಾಗಾಗಿ ನಮ್ಮ ಕಾಫಿ ತೋಟಗಳೂ ಸೇರಿಕೊಳ್ಳುತ್ತವೆ. ಆಸ್ಟ್ರೇಲಿಯಾ ಮೂಲದ ಸಿಲ್ವರ್ ಓಕ್ ಮಾತ್ರ ಸಾಲಾಗಿ ನಿಂತ ಬೋರೆಗೂ ನಂದಿ, ಹೆಬ್ಬಲಸು, ಅತ್ತಿ, ಧೂಪದಂಥ ಕಾಡುಮರ ಬೆರೆತ ಬೋರೆಗೂ ಅಲ್ಲಿ ಒಂದೇ ಬೆಲೆ. ಆ ವ್ಯತ್ಯಾಸವನ್ನು ತೋಟದವರೇ ಮಾಡಬೇಕು. ನಾನು ಹೇಗೆ ಮಾಡುತ್ತಿದ್ದೇನೆ ಎಂಬುದನ್ನು ಬರೆಯುತ್ತೇನೆ.

ನಮ್ಮದು ಮಡಿಕೇರಿ ತಾಲ್ಲೂಕಿನ ಅರೇಬಿಕಾ ಕಾಫಿ ತೋಟ, ಬಹುಪಾಲು ಇಳಿಜಾರು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಬೆಟ್ಟಗಳು ಜಾರಿದ ಮೇಲೆ, ಓಕಿನ ಬದಲು ಕಾಡುಮರದ ನೆರಳು ತರುವ ಈ ಕೆಲಸಕ್ಕೆ ಕೈ ಹಾಕಿದೆ. ಮರವಿದ್ದರೆ ಬೆಟ್ಟ ಕುಸಿಯುವುದೇ ಇಲ್ಲ ಎಂದು ನಾನು ಹೇಳುವುದಿಲ್ಲ. 2020ರಲ್ಲಿ ತಲಕಾವೇರಿಯ ಬೆಟ್ಟವೇ ಜಾರಿತು. ಆದರೆ ರಸ್ತೆಗೆ, ಮನೆಗೆ ಜೆಸಿಬಿಯಿಂದ ಬೆಟ್ಟದ ಬರೆ (ಕಡಿದಾದ ಮಣ್ಣಿನ ಅಂಚು) ಕಡಿದಲ್ಲಿ ಮಣ್ಣು ಬೇಗ ಸಡಿಲವಾಗುವುದನ್ನು ಇಲ್ಲಿ ಎಲ್ಲರೂ ಕಂಡಿದ್ದೇವೆ. ಅದಕ್ಕೇ ನನ್ನ ಮೊದಲ ಕಟ್ಟುಪಾಡು: ಇಳಿಜಾರನ್ನು ಸಮತಟ್ಟು ಮಾಡುವಂತಿಲ್ಲ.

ಎರಡನೆಯದು, ಓಕನ್ನು ಒಟ್ಟಿಗೆ ಕಡಿಯುವಂತಿಲ್ಲ. ನೆರಳು ಒಮ್ಮೆಲೇ ತೆರೆದರೆ ಅರೇಬಿಕಾಕ್ಕೆ ಬಿಳಿ ಕಾಂಡಕೊರಕ ಎಂಬ ಕೀಟ ಬರುತ್ತದೆ. ಬಿಸಿಲು ಬಿದ್ದ ಕಾಂಡವೆಂದರೆ ಅದಕ್ಕೆ ಇಷ್ಟ. ಓಕಿನ ನಡುವೆ ಮೊದಲು ಕಾಡುಗಿಡ ನೆಟ್ಟು, ಅವು ಕಾಫಿ ಗಿಡದ ಮೇಲೆ ತಲೆ ಎತ್ತಿದ ಮೇಲಷ್ಟೇ ಒಂದೊಂದಾಗಿ ಓಕ್ ತೆಗೆಸುತ್ತೇನೆ. ಬುಡ ಕೀಳಿಸುವುದಿಲ್ಲ. ಹಳೆ ಬೇರು ಕೊಳೆಯುವ ಹೊತ್ತಿಗೆ ಹೊಸ ಬೇರು ಮಣ್ಣು ಹಿಡಿದಿರಬೇಕು.

ಗಿಡಗಳನ್ನು ಬಹುಮಟ್ಟಿಗೆ ನಾವೇ ಮಾಡಿಕೊಳ್ಳುತ್ತೇವೆ. ಧೂಪ, ಹೆಬ್ಬಲಸು, ಹಲಸಿನ ಬೀಜ ಇಟ್ಟರೆ ಸಾಯುತ್ತದೆ. ಬಿದ್ದ ಕೆಲವೇ ದಿನಗಳಲ್ಲಿ ಮಣ್ಣು ತುಂಬಿದ ಪ್ಲಾಸ್ಟಿಕ್ ತೊಟ್ಟೆಗೆ ಹಾಕಬೇಕು. ನಂದಿಯ ಬೀಜ ರೆಕ್ಕೆಯುಳ್ಳದ್ದು, ತೀರಾ ಹಗುರ. ಕಾಯಿ ಒಡೆಯುವ ಮೊದಲೇ ಕೊಯ್ದು ಒಣಗಿಸುತ್ತೇವೆ. ಹಲಸನ್ನು ಕಾಡಂಚಿನಲ್ಲಿ ನೆಡಿಸಿಲ್ಲ. ಹಣ್ಣಾಗುವ ಕಾಲಕ್ಕೆ ಆನೆ ತೋಟದೊಳಗೇ ಬರುತ್ತದೆ, ಕೆಲಸದವರ ಜೀವಕ್ಕೆ ಅಪಾಯ.

ನೀರಿನ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಸಾಧಾರಣ ಇಳಿಜಾರಿನಲ್ಲಿ ಕಾಫಿ ಸಾಲಿನ ನಡುವೆ ಅಡ್ಡಡ್ಡವಾಗಿ, ಒಂದರ ಕೆಳಗೆ ಒಂದು ನೇರ ಬಾರದಂತೆ ತೊಟ್ಟಿಲು ಗುಂಡಿ ತೆಗೆಸುತ್ತೇನೆ. ಹರಿದು ಬಂದ ಮೇಲ್ಮಣ್ಣು, ತರಗೆಲೆ ಅದರಲ್ಲೇ ನಿಲ್ಲುತ್ತದೆ. ತೀರಾ ಕಡಿದಾದ ಕಡೆ, ನೆಲ ಬಿರುಕು ಬಿಟ್ಟ ಕಡೆ ಗುಂಡಿ ಖಂಡಿತ ಬೇಡ. ಅಲ್ಲಿ ಇಂಗಿದ ನೀರೇ ಮಣ್ಣಿನ ಭಾರ ಹೆಚ್ಚಿಸುತ್ತದೆ. ಬಿರುಕಿಗೆ ಜೇಡಿಮಣ್ಣು ಮೆತ್ತಿ, ಮೇಲಿನ ನೀರನ್ನು ಕಣಿ ಮಾಡಿ ಪಕ್ಕದ ತೋಡಿಗೆ ಬಿಡುತ್ತೇವೆ. ಮಳೆಗಾಲದಲ್ಲಿ ಹುಟ್ಟುವ ಒರತೆಗಳ ಬಾಯಿ ಮುಚ್ಚುವುದಿಲ್ಲ.

ಪಕ್ಕದ ತೋಟದವರು ಒಮ್ಮೆ ಕೇಳಿದರು: “ಅಕ್ಕಾ, ಓಕ್ ಆದ್ರೆ ಬೇಕಾದಾಗ ಕಡಿದು ಮಾರಬಹುದು. ನಂದಿ ನೆಟ್ರೆ ಪರ್ಮಿಷನ್‌ಗೆ ಅಲೆಯೋದು ಯಾರು?” ಅವರ ಮಾತಿನಲ್ಲಿ ನ್ಯಾಯವಿದೆ. ಸಿಲ್ವರ್ ಓಕ್ ಕಡಿಯಲು ಅಪ್ಪಣೆ ಬೇಡ, ಕಾಡುಮರಕ್ಕೆ ಬೇಕು. ಬಾಣೆ ಎಂದರೆ ಕೊಡಗಿನಲ್ಲಿ ಗದ್ದೆಗೆ ಹೊಂದಿಕೊಂಡು ಕೊಟ್ಟ ಮರಗಳಿರುವ ಜಮೀನು; ಮರದ ಬೆಲೆ ಸರ್ಕಾರಕ್ಕೆ ಕಟ್ಟಿ ಬಿಡಿಸಿಕೊಳ್ಳದ, ಅಂದರೆ ರಿಡೀಮ್ ಆಗದ ಬಾಣೆಯಲ್ಲಂತೂ ಮರದ ಹಕ್ಕೇ ಸರ್ಕಾರದ್ದು. ನೆಟ್ಟವನಿಗೆ ಹಕ್ಕಿಲ್ಲದ ಮರವನ್ನು ಎಷ್ಟು ಜನ ನೆಟ್ಟಾರು? ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಬಗ್ಗೆ ಕೇಂದ್ರ ಸರ್ಕಾರದ ಕರಡು ಅಧಿಸೂಚನೆ 2014ರಿಂದ ಮತ್ತೆ ಮತ್ತೆ ಬರುತ್ತಿದೆ, 2024ರ ಜುಲೈನಲ್ಲೂ ಬಂತು. ಗಣಿ, ಕ್ವಾರಿ, ದೊಡ್ಡ ಕಟ್ಟಡಗಳಿಗೆ ತಡೆ ಹಾಕುವುದಕ್ಕೆ ನನ್ನ ಪೂರ್ಣ ಬೆಂಬಲ. ಅದರ ಜೊತೆಗೆ, ತಾನೇ ನೆಟ್ಟು ದಾಖಲೆ ಮಾಡಿಸಿದ ಕಾಡುಮರದ ಹಕ್ಕು ಬೆಳೆಗಾರನಿಗೆ ಸಿಗಬೇಕು.

ನಮ್ಮ ತೋಟದ ಕೆಳಭಾಗದಲ್ಲಿ ಈಗ ಬೆರಕೆ ನೆರಳಿದೆ. ತರಗೆಲೆ ದಪ್ಪಗೆ ಕೂತಿರುವುದರಿಂದ ಕಾಫಿ ಹೂ ಅರಳಿಸುವ ಹೂಮಳೆ ತಡವಾದರೂ ಮಣ್ಣು ಬೇಗ ಒಣಗುವುದಿಲ್ಲ. ಮೇಲಿನ ಬೋರೆಯಲ್ಲಿ ಇನ್ನೂ ಓಕೇ ಹೆಚ್ಚು, ನಡುವೆ ಹಾಕಿದ ನಂದಿ ಮೊಣಕಾಲೆತ್ತರ ಇದೆ. ಅಲ್ಲಿ ಕೊಡಲಿ ಇಡಲು ಇನ್ನೂ ಹಲವು ವರ್ಷ ಕಾಯಬೇಕು.