ಸ್ವೇ ಬಾರ್ ಹಾಕೋದು ಹೇಗೆ: ಬೋಲ್ಟ್ ಬಿಚ್ಚೋದು ಸುಲಭ, ಲಿಂಕ್ ಕೂರಿಸೋದೇ ತಲೆನೋವು

ಸ್ವೇ ಬಾರ್ ಅಂದ್ರೆ ಎಡ ಬಲ ಚಕ್ರಗಳ ಸಸ್ಪೆನ್ಷನ್ ಜೋಡಿಸೋ ಸರಳು, ತಿರುವಲ್ಲಿ ಕಾರು ವಾಲೋದನ್ನ ಕಮ್ಮಿ ಮಾಡುತ್ತೆ; ಅದರ ತುದೀನ ಸಸ್ಪೆನ್ಷನ್‌ಗೆ ಸೇರಿಸೋ ಚಿಕ್ಕ ಕಡ್ಡೀನೇ ಲಿಂಕ್. ದಪ್ಪ ಬಾರ್ ಹಾಕ್ಬಿಟ್ರೆ ಕಾರು ತಿರುವಲ್ಲಿ ಅಂಟ್ಕೊಂಡು ಹೋಗುತ್ತೆ ಅಂತ ಹಿಂದೆ ಮುಂದೆ ಎರಡೂ ಕಡೆ ತಂದು ಜಡಿಯೋರನ್ನ ಸುಮಾರು ಜನ ನೋಡಿದೀನಿ. ವಾಲಾಟವೇನೋ ಕಮ್ಮಿ ಆಗುತ್ತೆ, ಆದ್ರೆ ಬ್ಯಾಲೆನ್ಸ್, ಅಂದ್ರೆ ಹಿಂದೆ ಮುಂದಿನ ಹಿಡಿತದ ಹೊಂದಾಣಿಕೆ, ಇದ್ದಲ್ಲೇ ಇರುತ್ತೆ.

ಮೊದಲು ಯಾವ ಕಡೇದು ಅಂತ ತೀರ್ಮಾನ ಮಾಡಿ. ಯಾವ ಕಡೆ ಬಾರ್ ಗಟ್ಟಿ ಮಾಡ್ತೀರೋ ಆ ಕಡೆ ಹಿಡಿತ ಬೇಗ ಬಿಡುತ್ತೆ. ಫ್ರಂಟ್ ವೀಲ್ ಡ್ರೈವ್ ಕಾರುಗಳು ಮಾಮೂಲಾಗಿ ಅಂಡರ್‌ಸ್ಟಿಯರ್ ಆಗೋದು, ಅಂದ್ರೆ ಸ್ಟೀರಿಂಗ್ ತಿರುಗ್ಸಿದ್ರೂ ಮೂತಿ ಹೊರಗೇ ಹೋಗೋದು, ಅಂಥದ್ದಕ್ಕೆ ಹಿಂದಿನದು ಮಾತ್ರ ಬದಲಾಯಿಸಿ ಸಾಕು. ಗಟ್ಟಿತನ ವ್ಯಾಸದ ನಾಲ್ಕನೇ ಘಾತದಲ್ಲಿ ಏರುತ್ತೆ, 20 ಮಿ.ಮೀ. ಇಂದ 22ಕ್ಕೆ ಹೋದ್ರೇನೇ ಹತ್ತತ್ರ 46% ಜಾಸ್ತಿ, ಹಾಗಾಗಿ ಸಿಕ್ಕಿದ್ದರಲ್ಲೇ ದಪ್ಪದ್ದು ಅಂತ ಆಸೆ ಪಡ್ಬೇಡಿ. ಟೈರ್ ಸವೆದಿದ್ರೆ ದುಡ್ಡು ಮೊದಲು ಅಲ್ಲಿಗೆ ಹಾಕಿ.

ಸಮತಟ್ಟು ಜಾಗದಲ್ಲಿ ಹಿಂದಿನ ಎರಡೂ ಚಕ್ರ ಒಟ್ಟಿಗೆ ಎತ್ತಿ, ಜ್ಯಾಕ್ ಸ್ಟ್ಯಾಂಡ್ ಮೇಲೆ ಕೂರ್ಸಿ. ಬರೀ ಜ್ಯಾಕ್ ನಂಬ್ಕೊಂಡು ಕೆಳಗೆ ನುಗ್ಗಬೇಡಿ. ಒಂದೇ ಚಕ್ರ ಎತ್ತಿದ್ರೆ ಬಾರ್ ತಿರುಚಿಕೊಂಡಿರುತ್ತೆ, ಲಿಂಕ್ ಬಿಚ್ಚಿದ ತಕ್ಷಣ ರಪ್ ಅಂತ ಹೊಡೆಯುತ್ತೆ.

ಲಿಂಕ್ ನಟ್ ಬಿಚ್ಚುವಾಗ ಬಾಲ್ ಜಾಯಿಂಟ್ ಸ್ಟಡ್ (ನಟ್ ಕೂತಿರೋ ಬೋಲ್ಟಿನ ಥರದ ಕಡ್ಡಿ) ಜೊತೆಗೇ ಸುತ್ತುತ್ತೆ, ಅದರ ತುದೀಲಿರೋ ತೂತಿಗೆ ಅಲೆನ್ ಕೀ ಹಾಕಿ ಹಿಡ್ಕೊಂಡು ಸ್ಪ್ಯಾನರ್ ತಿರುಗ್ಸಿ. ಹಳೇ ಬಾರ್ ತೆಗೆದು ಹೊಸದನ್ನ ಕ್ಲ್ಯಾಂಪಿಗೆ ಕೂರ್ಸಿ, ಬಾರ್ ಸುತ್ತ ಕೂರೋ ಬುಶ್ ಪಾಲಿಯುರೆಥೇನಿಂದು (ರಬ್ಬರಿಗಿಂತ ಗಟ್ಟಿ ಪ್ಲಾಸ್ಟಿಕ್) ಆದ್ರೆ ಒಳಗೆ ಸಿಲಿಕೋನ್ ಗ್ರೀಸ್ ಧಾರಾಳವಾಗಿ ಹಚ್ಚಿ, ಜಿಪುಣತನ ಮಾಡಿದ್ರೆ ಪ್ರತಿ ಹಂಪಲ್ಲೂ ಕಿರ್ ಅನ್ನುತ್ತೆ. ಬುಶ್ ಸಮೇತ ಬರೋ ಬ್ರಾಕೆಟ್ ತೆಳು ತಗಡಿಂದು ಅನ್ಸಿದ್ರೆ ವಾಪಸ್ ಕಳ್ಸಿ, ದಪ್ಪ ಬಾರಿನ ಒತ್ತಡಕ್ಕೆ ಅದು ಬಾಗುತ್ತೆ.

ಇನ್ನು ಎಲ್ಲರೂ ಕೆಡಿಸೋ ಜಾಗ. ಚಕ್ರ ನೇತಾಡ್ತಿರುವಾಗಲೇ ಲಿಂಕ್ ಟೈಟ್ ಮಾಡಿ ಮುಗಿಸಿಬಿಡ್ತಾರೆ. ಬೇಡ. ನಟ್‌ಗಳನ್ನ ಬೆರಳಲ್ಲಿ ಹತ್ತಿಸಿ ಬಿಡಿ, ಕಾರಿನ ಭಾರ ಪೂರ್ತಿ ಟೈರ್ ಮೇಲೆ ಬರೋ ಹಾಗೆ ರ‍್ಯಾಂಪ್ ಮೇಲೆ ನಿಲ್ಸಿ, ಕಾರನ್ನ ನಾಲ್ಕಾರು ಸಲ ಒತ್ತಿ ಬಿಡಿ, ಆಮೇಲೆ ಮೊದಲು ಒಂದು ಕಡೆ ಲಿಂಕ್ ಕಂಪನಿ ಹೇಳಿದ ಟಾರ್ಕಿಗೆ (ಬಿಗಿತದ ಅಳತೆ) ಬಿಗಿ ಮಾಡಿ. ಇನ್ನೊಂದು ಕಡೆ ಬೋಲ್ಟ್ ತೆಗೆದು ಮತ್ತೆ ತೂರಿಸಿ ನೋಡಿ, ಬೆರಳ ಬಲಕ್ಕೇ ತೂರಿದ್ರೆ ಸರಿ. ಸುತ್ತಿಗೇನೋ ಸಬ್ಬಲೋ ಬೇಕಾಯ್ತು ಅಂದ್ರೆ ಬಾರ್ ನಿಂತಲ್ಲೇ ತಿರುಚಿಕೊಂಡಿದೆ, ಎಡ ತಿರುವಿಗೆ ಒಂಥರಾ ಬಲ ತಿರುವಿಗೆ ಇನ್ನೊಂಥರಾ ಓಡುತ್ತೆ ಕಾರು. ಉದ್ದ ಹೊಂದಿಸೋ ಲಿಂಕ್ ಇರೋದೇ ಇದಕ್ಕೆ, ಬೋಲ್ಟ್ ತಾನಾಗೇ ತೂರೋ ತನಕ ತಿರುಗ್ಸಿ, ಲಾಕ್ ನಟ್ ಮರೀಬೇಡಿ. ಬಾರ್ ಸೈಲೆನ್ಸರ್ ಪೈಪಿಗೆ, ಬ್ರೇಕ್ ಹೋಸಿಗೆ ತಾಗ್ತಿಲ್ಲ ಅಂತ ಚಕ್ರ ನೇತಾಡ್ತಿದ್ದಾಗ ಒಮ್ಮೆ, ಭಾರ ಬಿದ್ದಾಗ ಒಮ್ಮೆ ನೋಡಿ.

ಬಾರ್ ತುದೀಲಿ ಎರಡು ಮೂರು ತೂತಿದ್ರೆ ತುತ್ತತುದಿಯದು ಮೆತ್ತಗೆ, ಒಳಗೆ ಬಂದಷ್ಟೂ ಗಟ್ಟಿ. ಮೆತ್ತಗಿಂದ ಶುರು ಮಾಡಿ, ಎರಡೂ ಕಡೆ ಒಂದೇ ತೂತು. ಮೊದಮೊದಲು ಒಣ ರಸ್ತೇಲೇ ಓಡ್ಸಿ, ಯಾಕಂದ್ರೆ ಮಳೇಲಿ ತಿರುವಿನ ಮಧ್ಯೆ ಆಕ್ಸಿಲರೇಟರ್ ಪಟ್ ಅಂತ ಬಿಟ್ರೆ ಈಗ ಹಿಂಭಾಗ ಜಾರಬಹುದು. ಸ್ವಲ್ಪ ದಿನ ಓಡ್ಸಿದ ಮೇಲೆ ಎಲ್ಲಾ ಬೋಲ್ಟಿಗೂ ಇನ್ನೊಂದ್ಸಲ ಟಾರ್ಕ್ ರೆಂಚ್ ಹಾಕಿ.