ಕ್ಯಾಮೆರಾ ಅಪ್‌ಡೇಟ್ ಅರ್ಧಕ್ಕೆ ನಿಂತರೆ ಮೊದಲು ಸ್ವಿಚ್ ಬೋರ್ಡ್ ನೋಡಿ

ಕುವೆಂಪುನಗರದ ನಮ್ಮ ಮನೆಯ ಪೋರ್ಟಿಕೋದಲ್ಲಿ ಬಲ್ಬ್ ಹೋಲ್ಡರ್‌ಗೇ ಸಿಕ್ಕಿಸುವ ಕ್ಯಾಮೆರಾ ಇದೆ. ಒಂದು ದಿನ ಬೆಳಿಗ್ಗೆ ಆರಕ್ಕೆ ಫರ್ಮ್‌ವೇರ್ (ಕ್ಯಾಮೆರಾವನ್ನು ಒಳಗಿನಿಂದ ನಡೆಸುವ ಸಾಫ್ಟ್‌ವೇರ್) ಅಪ್‌ಡೇಟ್ ಒತ್ತಿ ಕಾಫಿ ಕುಡಿಯಲು ಹೋದೆ. ರಂಗೋಲಿ ಹಾಕಲು ಬಂದ ಅಮ್ಮ, ಬೆಳಕಾದರೂ ಯಾಕೆ ಸ್ವಿಚ್ ಹಾಕಿದೆ ಎಂದು ಆರಿಸಿದರು. ಅಷ್ಟೇ. ಆಮೇಲೆ ಎರಡು ದಿನ ಕ್ಯಾಮೆರಾ ಕೆಂಪು ಲೈಟ್ ಮಿಟುಕಿಸುತ್ತಾ ಕೂತಿತ್ತು. ಈಗ ಅಪ್‌ಡೇಟ್ ಮಾಡುವಾಗ ಆ ಸ್ವಿಚ್‌ಗೆ ಟೇಪ್ ಅಂಟಿಸುತ್ತೇನೆ. ನಗಬೇಡಿ, ನೀವೂ ಅಂಟಿಸಿ.

ಒಳಗೆ ಏನಾಗುತ್ತದೆ ಎಂದು ಗೊತ್ತಿದ್ದರೆ ಗಾಬರಿ ಕಡಿಮೆ. ಮೊದಲು ಹೊಸ ಫೈಲ್ ಡೌನ್‌ಲೋಡ್ ಆಗುತ್ತದೆ, ಆಮೇಲೆ ಕ್ಯಾಮೆರಾ ತನ್ನ ಮೆಮೊರಿಯಲ್ಲಿರುವ ಹಳೆಯದನ್ನು ಅಳಿಸಿ ಹೊಸದನ್ನು ಬರೆಯುತ್ತದೆ. ಡೌನ್‌ಲೋಡ್ ಆಗುವಾಗ ಕರೆಂಟ್ ಹೋದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಇನ್ನೊಂದು ಸಲ ಒತ್ತಿದರಾಯಿತು. ಬರೆಯುವಾಗ ಹೋದರೆ ಮಾತ್ರ ಕಷ್ಟ. ಹಳೆಯದೂ ಇಲ್ಲ, ಹೊಸದೂ ಪೂರ್ತಿ ಇಲ್ಲ.

ಹಾಗಾಗಿ ಆ್ಯಪ್‌ನಲ್ಲಿ 90 ಪರ್ಸೆಂಟ್‌ಗೆ ಬಂದು ನಿಂತಿದೆ ಎಂದು ಪ್ಲಗ್ ಕೀಳಬೇಡಿ. ಕೊನೆಯಲ್ಲಿ ಕ್ಯಾಮೆರಾ ತಾನೇ ಆಫ್ ಆಗಿ ಆನ್ ಆಗುತ್ತದೆ, ಆಗ ಆ್ಯಪ್‌ಗೆ ಅದರ ಸುಳಿವು ಸಿಗುವುದಿಲ್ಲ, ಸುಮ್ನೆ ಹಳೇ ನಂಬರನ್ನೇ ತೋರಿಸುತ್ತಾ ಕೂರುತ್ತದೆ. ಅರ್ಧ ಗಂಟೆ ಬಿಡಿ. ಆ್ಯಪ್ ಮುಚ್ಚಿ ತೆರೆದು ವರ್ಷನ್ ನಂಬರ್ ನೋಡಿ. ಎಷ್ಟೋ ಸಲ ಕೆಲಸ ಮುಗಿದೇ ಇರುತ್ತದೆ.

ಮುಗಿದಿಲ್ಲ ಅಂದರೆ ಅಡಾಪ್ಟರ್ ಪರೀಕ್ಷಿಸಿ. ಬಹಳಷ್ಟು ಮನೆ ಕ್ಯಾಮೆರಾಗಳು 5 ವೋಲ್ಟ್‌ನಲ್ಲಿ ನಡೆಯುತ್ತವೆ. ಅದರ ಜೊತೆ ಬಂದ ಅಡಾಪ್ಟರ್ ಕೆಟ್ಟಿತೆಂದು ಹಳೇ ಫೋನಿನ ಚಾರ್ಜರ್ ಹಾಕಿರುತ್ತೇವೆ, ವೈರ್ ಸಾಲದೆಂದು ಐದು ಮೀಟರಿನ ತೆಳು ಕೇಬಲ್ ಎಳೆದಿರುತ್ತೇವೆ, ಅಷ್ಟು ದೂರ ಹೋಗುವಷ್ಟರಲ್ಲಿ ವೋಲ್ಟೇಜ್ ಇಳಿದು ಕ್ಯಾಮೆರಾ ಮಧ್ಯೆ ಮಧ್ಯೆ ರೀಸ್ಟಾರ್ಟ್ ಆಗುತ್ತದೆ. ಕತ್ತಲಾದ ಮೇಲೆ ಇದು ಇನ್ನೂ ಜಾಸ್ತಿ, ಯಾಕೆಂದರೆ ರಾತ್ರಿ ನೋಡುವುದಕ್ಕೆ ಅದರ ಇನ್‌ಫ್ರಾರೆಡ್ ಎಲ್‌ಇಡಿಗಳು ಉರಿಯುತ್ತವೆ, ಅವಕ್ಕೂ ಕರೆಂಟ್ ಬೇಕಲ್ವಾ. ಅದಕ್ಕೇ ಅಪ್‌ಡೇಟ್ ಹಗಲಿನಲ್ಲಿ ಮಾಡಿ. ಇನ್ವರ್ಟರ್ ಇದ್ದರೆ ರೂಟರ್ ಮತ್ತು ಕ್ಯಾಮೆರಾ ಎರಡೂ ಅದರ ಲೈನಿನಲ್ಲಿವೆಯಾ ನೋಡಿಕೊಳ್ಳಿ. ನಮ್ಮಲ್ಲಿ ರೂಟರ್ ಇತ್ತು, ಪೋರ್ಟಿಕೋ ಲೈನ್ ಇರಲಿಲ್ಲ.

ಆಮೇಲೆ ವೈಫೈ. ಕಡಿಮೆ ಬೆಲೆಯ ಕ್ಯಾಮೆರಾಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್ ಮಾತ್ರ ಹಿಡಿಯುತ್ತವೆ. ಹೊಸ ರೂಟರ್‌ಗಳು 2.4 ಮತ್ತು 5 ಎರಡಕ್ಕೂ ಒಂದೇ ಹೆಸರು ಕೊಡುತ್ತವೆ, ಕೆಲವು ಕ್ಯಾಮೆರಾ ಅಲ್ಲೇ ತಬ್ಬಿಬ್ಬಾಗುತ್ತವೆ. ರೂಟರ್ ಸೆಟ್ಟಿಂಗ್‌ನಲ್ಲಿ ಎರಡಕ್ಕೂ ಬೇರೆ ಹೆಸರಿಡಿ. ಗೇಟಿನ ಹತ್ತಿರ ಸಿಗ್ನಲ್ ಒಂದೇ ಕಡ್ಡಿ ಇದ್ದರೆ ಸೆಟ್ಟಿಂಗ್ ಹುಡುಕುತ್ತಾ ಕೂರಬೇಡಿ, ಏಣಿ ಹಾಕಿ ಕ್ಯಾಮೆರಾ ಇಳಿಸಿ ರೂಟರ್ ಪಕ್ಕದಲ್ಲಿಟ್ಟು ಅಪ್‌ಡೇಟ್ ಮಾಡಿ.

ಅಪ್‌ಡೇಟ್ ಬಟನ್ನೇ ಕಾಣದಿದ್ದರೆ? ಕ್ಯಾಮೆರಾ ಯಾರ ಅಕೌಂಟ್‌ನಲ್ಲಿದೆ ನೋಡಿ. ಮಗ ಬೆಂಗಳೂರಿನಲ್ಲಿದ್ದುಕೊಂಡು ಅಪ್ಪ ಅಮ್ಮನಿಗೆ ಶೇರ್ ಮಾಡಿರುತ್ತಾನೆ. ಶೇರ್ ಆದವರಿಗೆ ಸಾಮಾನ್ಯವಾಗಿ ಆ ಬಟನ್ ಬರುವುದಿಲ್ಲ.

ರೀಸೆಟ್ ಕೊನೆಗಿರಲಿ. ಜನ ಮೊದಲು ಮಾಡುವುದೇ ಅದು. ರೀಸೆಟ್ ಒತ್ತಿದರೆ ವೈಫೈ, ಪಾಸ್‌ವರ್ಡ್, ಸೆಟ್ಟಿಂಗ್ ಎಲ್ಲ ಅಳಿಸುತ್ತದೆ, ಹಾಳಾದ ಫರ್ಮ್‌ವೇರ್ ಮಾತ್ರ ಹಾಗೇ ಉಳಿಯಬಹುದು.

ನಮ್ಮ ಕ್ಯಾಮೆರಾ ಎದ್ದಿದ್ದು ಎಸ್‌ಡಿ ಕಾರ್ಡಿನಿಂದ. ಎಲ್ಲ ಕಂಪನಿಗಳಲ್ಲೂ ಈ ದಾರಿ ಇಲ್ಲ, ಇದ್ದರೆ ಹೀಗೆ ಮಾಡಿ. ಕ್ಯಾಮೆರಾದ ಸ್ಟಿಕ್ಕರ್‌ನಲ್ಲಿರುವ ಮಾಡೆಲ್ ಮತ್ತು ಹಾರ್ಡ್‌ವೇರ್ ವರ್ಷನ್ ಎರಡನ್ನೂ ಬರೆದುಕೊಳ್ಳಿ. ಒಂದೇ ಮಾಡೆಲ್ ಹೆಸರಿನಲ್ಲಿ ವಿ1, ವಿ2 ಎಂದು ಬೇರೆ ಬೇರೆ ಹಾರ್ಡ್‌ವೇರ್ ಇರುತ್ತವೆ, ಒಂದರ ಫೈಲ್ ಇನ್ನೊಂದಕ್ಕೆ ಹಾಕಿದರೆ ಕ್ಯಾಮೆರಾ ಪೂರ್ತಿ ಸತ್ತೇಹೋಗಬಹುದು. ಫೈಲನ್ನು ಕಂಪನಿಯ ವೆಬ್‌ಸೈಟಿನಿಂದ ಮಾತ್ರ ಇಳಿಸಿಕೊಳ್ಳಿ, ಟೆಲಿಗ್ರಾಂನಲ್ಲಿ ಯಾರೋ ಹಾಕಿದ್ದನ್ನಲ್ಲ. 32 ಜಿಬಿ ಅಥವಾ ಅದಕ್ಕಿಂತ ಚಿಕ್ಕ ಕಾರ್ಡನ್ನು ಫ್ಯಾಟ್32 (ಕಾರ್ಡಿನಲ್ಲಿ ಫೈಲ್ ಜೋಡಿಸಿಡುವ ಒಂದು ವಿಧಾನ) ಫಾರ್ಮ್ಯಾಟ್ ಮಾಡಿ. ಹಳೇ ರೆಕಾರ್ಡಿಂಗ್ ಬೇಕಿದ್ದರೆ ಮೊದಲೇ ತೆಗೆದಿಡಿ. ಕಂಪನಿ ಹೇಳಿದ ಹೆಸರಿನಲ್ಲೇ ಫೈಲ್ ಹಾಕಿ, ಒಂದಕ್ಷರವೂ ಬದಲಾಗಬಾರದು. ಕರೆಂಟ್ ಆಫ್ ಇದ್ದಾಗ ಕಾರ್ಡ್ ಹಾಕಿ, ಆಮೇಲೆ ಆನ್ ಮಾಡಿ. ಕೆಲವದರಲ್ಲಿ ಆನ್ ಮಾಡುವಾಗ ರೀಸೆಟ್ ಬಟನ್ ಒತ್ತಿ ಹಿಡಿಯಬೇಕು.

ಬಿಎನ್‌ಸಿ ವೈರಿನ (ತುದಿ ತಿರುಗಿಸಿ ಸಿಕ್ಕಿಸುವ ಕೇಬಲ್) ಹಳೇ ಡಿವಿಆರ್ (ರೆಕಾರ್ಡಿಂಗ್ ಮಾಡುವ ಪೆಟ್ಟಿಗೆ) ಸೆಟ್ ಇದ್ದವರಿಗೆ ಈ ತಲೆನೋವು ಕಡಿಮೆ. ಅಲ್ಲಿ ಸಾಮಾನ್ಯವಾಗಿ ಅಪ್‌ಡೇಟ್ ಆಗುವುದು ಡಿವಿಆರ್ ಪೆಟ್ಟಿಗೆ, ಕ್ಯಾಮೆರಾ ಅಲ್ಲ.

ಇಷ್ಟು ಕಷ್ಟಪಟ್ಟು ಅಪ್‌ಡೇಟ್ ಯಾಕೆ ಎನ್ನುವವರಿಗೆ ಒಂದು ಮಾತು. 2016ರಲ್ಲಿ ಮಿರಾಯ್ ಎಂಬ ಮಾಲ್‌ವೇರ್ (ಹಾನಿ ಮಾಡುವ ಸಾಫ್ಟ್‌ವೇರ್), ಕಂಪನಿ ಕೊಟ್ಟ ಪಾಸ್‌ವರ್ಡನ್ನೇ ಇಟ್ಟುಕೊಂಡಿದ್ದ ಕ್ಯಾಮೆರಾ, ಡಿವಿಆರ್, ರೂಟರ್‌ಗಳಿಗೆ ನುಗ್ಗಿ, ಅವನ್ನೇ ಸೇನೆ ಮಾಡಿಕೊಂಡು ಆ ಅಕ್ಟೋಬರ್‌ನಲ್ಲಿ ಟ್ವಿಟ್ಟರ್‌ನಂಥ ದೊಡ್ಡ ಸೈಟುಗಳನ್ನೇ ಗಂಟೆಗಟ್ಟಲೆ ಕಾಡಿತ್ತು. ಅಪ್‌ಡೇಟ್ ಮಾಡಿ, ಪಾಸ್‌ವರ್ಡೂ ಬದಲಿಸಿ. ಆದರೆ ದಸರಾ ರಜೆಗೆ ಬೀಗ ಹಾಕಿ ಊರಿಗೆ ಹೊರಡುವ ಹಿಂದಿನ ರಾತ್ರಿ ಬೇಡ. ವಾರ ಮುಂಚೆ ಮಾಡಿ.

ಮಂಡ್ಯದ ಹತ್ತಿರ ಚಿಕ್ಕಪ್ಪನ ಆಲೆಮನೆಯಲ್ಲಿರುವುದು ಸಿಮ್ ಹಾಕಿ ಸೋಲಾರ್‌ನಲ್ಲಿ ನಡೆಯುವ ಕ್ಯಾಮೆರಾ. ಆಷಾಢದ ಮೋಡದಲ್ಲಿ ಫೋನ್ ಬಂತು, "ಏನ್ಲಾ ಮಗ, ಒತ್ತುದ್ರೂ ಆಯ್ತಾ ಇಲ್ವಲ್ಲ ಇದು?" ಬ್ಯಾಟರಿ 20 ಪರ್ಸೆಂಟ್ ಇತ್ತು. ಚಾರ್ಜ್ ಕಡಿಮೆ ಇದ್ದರೆ ಇಂಥ ಕ್ಯಾಮೆರಾಗಳು ಅಪ್‌ಡೇಟ್ ಶುರುವೇ ಮಾಡುವುದಿಲ್ಲ, ಅದು ಒಳ್ಳೆಯದೇ. ಕೆಳಗಿಳಿಸಿ ಮನೆಯಲ್ಲಿ ಚಾರ್ಜಿಗೆ ಹಾಕಿಸಿದೆ, ಸಂಜೆಯೊಳಗೆ ಅಪ್‌ಡೇಟ್ ಆಯಿತು.

ಆದ ಮೇಲೆ ಟೈಮ್ ಸರಿ ಇದೆಯಾ, ರೆಕಾರ್ಡಿಂಗ್ ಆನ್ ಇದೆಯಾ, ಅಲರ್ಟ್ ಬರುತ್ತಿದೆಯಾ ನೋಡಿ. ಕೆಲವು ಸೆಟ್ಟಿಂಗ್ ಕ್ಯಾಮೆರಾ ಹೊಸದಾಗಿ ಬಂದಾಗ ಇದ್ದಂತೆ ಆಗಿರುತ್ತವೆ. ಚಿಕ್ಕಪ್ಪ ರಾತ್ರಿ ಮತ್ತೆ ಫೋನ್ ಮಾಡಿದರು, ಆಲೆಮನೆ ತಲೆಕೆಳಗಾಗಿ ಕಾಣುತ್ತಿದೆಯಂತೆ. ಸೂರಿಗೆ ನೇತುಹಾಕಿದ ಕ್ಯಾಮೆರಾ ಅದು, ಚಿತ್ರ ತಿರುಗಿಸುವ ಸೆಟ್ಟಿಂಗ್ ಆಫ್ ಆಗಿತ್ತು.