ಕೊಪ್ಪಳದಿಂದ ಕಡಲಿಗೆ: ಪಕ್ಕದ ಸೀಟಿನವರಿಗೂ ಕೆಲಸ ಕೊಡಿ

ನಮ್ಮ ಕಡೆಯ ರಸ್ತೆಗಳು ಸಲೀಸು. ಕೊಪ್ಪಳದಿಂದ ಗದಗಿಗೆ ಹೋಗುವಾಗ ಎದುರಿಗೆ ಬರುವ ಲಾರಿ ಅಷ್ಟು ದೂರದಿಂದಲೇ ಕಾಣುತ್ತದೆ. ಸ್ಟೇರಿಂಗ್ ಹಿಡಿದವರು ಎಚ್ಚರವಿದ್ದರೆ ಸಾಕು, ಉಳಿದವರು ನಿದ್ದೆ ಹೊಡೆಯಬಹುದು. ಘಟ್ಟದಲ್ಲಿ ಹಾಗಲ್ಲ. ಅಲ್ಲಿ ಪಕ್ಕದ ಸೀಟಿನವರು ಅರ್ಧ ಡ್ರೈವರ್. ನಾನು ಭಾಗ್ಯನಗರದಲ್ಲಿ ಸೀರೆ ಅಂಗಡಿ ನಡೆಸುತ್ತೇನೆ, ನನ್ನ ಅಕ್ಕ ಗಂಗಾವತಿಯಲ್ಲಿ ಅಂಗನವಾಡಿ ಕಾರ್ಯಕರ್ತೆ. ಇಬ್ಬರಿಗೂ ಬಿಡುವು ಸಿಕ್ಕಾಗ ನನ್ನ ಹಳೆಯ ಆಲ್ಟೊ ತೆಗೆದುಕೊಂಡು ಉತ್ತರ ಕನ್ನಡದ ಕಡೆ ಹೊರಟುಬಿಡುತ್ತೇವೆ. ಅಕ್ಕನಿಗೆ ಡ್ರೈವಿಂಗ್ ಬರುವುದಿಲ್ಲ. ಆದರೂ ಅವಳು ಪಕ್ಕದಲ್ಲಿ ಇಲ್ಲದೆ ನಾನು ಘಟ್ಟ ಇಳಿಯುವುದಿಲ್ಲ.

ಮೊದಲು ಕಾಲ ನೋಡಿಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಡ. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ರ ಮೇಲೆಯೇ ಬಿತ್ತು, ಚಹಾ ಕುಡಿಯಲು ನಿಂತವರೂ ಲಾರಿಗಳೂ ಗಂಗಾವಳಿ ಹೊಳೆಯ ಪಾಲಾದವು. ಅಂಕೋಲಾದಿಂದ ಹೆದ್ದಾರಿ ಹಿಡಿದು ಗೋಕರ್ಣಕ್ಕೆ ಹೋಗುವವರು ಆ ಜಾಗ ದಾಟಿಯೇ ಹೋಗಬೇಕು. ಮೀನು ತಿನ್ನುವ ಆಸೆ ಇದ್ದರೂ ಮಳೆಗಾಲ ಸರಿಯಲ್ಲ, ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುತ್ತದೆ. ಅಕ್ಟೋಬರ್ ಕೊನೆಯಿಂದ ಜನವರಿಯವರೆಗೆ ಹೋಗಿ. ಕಾಡು ಇನ್ನೂ ಹಸಿರಾಗಿರುತ್ತದೆ, ರಸ್ತೆ ಒಣಗಿರುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಹೋದರೆ ಬೆವರು ಹಿಂಡುತ್ತದೆ. ನಮ್ಮ ಬಿಸಿಲು ಸುಡುತ್ತದೆ, ಅವರ ಬಿಸಿಲು ಬೇಯಿಸುತ್ತದೆ. ಆದರೂ ಮೇ ತಿಂಗಳಿಗೆ ಒಂದು ಸಮಾಧಾನ ಉಂಟು, ಅಂಕೋಲೆಯ ಕರಿ ಇಷಾಡು ಮಾವಿನಹಣ್ಣು.

ದಾರಿ ಹೀಗೆ: ಗದಗ, ಹುಬ್ಬಳ್ಳಿ, ಕಲಘಟಗಿ, ಯಲ್ಲಾಪುರ, ಅರಬೈಲ್ ಘಟ್ಟ ಇಳಿದು ಅಂಕೋಲಾ. ಅಲ್ಲಿಂದ ಕಡಲ ಪಕ್ಕ ಗೋಕರ್ಣ, ಕುಮಟಾ, ಹೊನ್ನಾವರ, ಮುರ್ಡೇಶ್ವರ. ವಾಪಸ್ ಬರುವಾಗ ಹೊನ್ನಾವರದಿಂದ ಗೇರುಸೊಪ್ಪ ಮೇಲೆ ಘಟ್ಟ ಹತ್ತಿ ಜೋಗ, ಸಿದ್ದಾಪುರ, ಶಿರಸಿ, ಮುಂಡಗೋಡ, ಮತ್ತೆ ಹುಬ್ಬಳ್ಳಿ. ಕೊಪ್ಪಳದಿಂದ ಅಂಕೋಲೆಗೆ ಸುಮಾರು 250 ಕಿಲೋಮೀಟರ್. ನಕ್ಷೆ ತೋರಿಸುವ ಸಮಯಕ್ಕೆ ಒಂದೂವರೆ ತಾಸು ಸೇರಿಸಿ ಲೆಕ್ಕ ಹಾಕಿ. ಇಳಿಯುವುದು ಒಂದು ಘಟ್ಟ, ಹತ್ತುವುದು ಇನ್ನೊಂದು ಘಟ್ಟ ಇಟ್ಟುಕೊಂಡರೆ ಕಂಡ ದಾರಿಯನ್ನೇ ಮತ್ತೆ ಕಾಣುವ ಬೇಸರ ಇಲ್ಲ.

ಗಾಡಿಯನ್ನು ಹೊರಡುವ ಹಿಂದಿನ ವಾರವೇ ಮೆಕ್ಯಾನಿಕ್‌ಗೆ ತೋರಿಸಿ, ಹಿಂದಿನ ದಿನ ಅಲ್ಲ. ಬ್ರೇಕ್ ಪ್ಯಾಡ್, ಬ್ರೇಕ್ ಆಯಿಲ್, ಕೂಲೆಂಟ್, ಸ್ಟೆಪ್ನಿಯ ಹವಾ, ಇಷ್ಟು ಹೇಳಿಯೇ ನೋಡಿಸಿ. ವೈಪರ್ ರಬ್ಬರನ್ನು ನಮ್ಮ ಊರಿನಲ್ಲಿ ಯಾರೂ ನೋಡುವುದಿಲ್ಲ, ಬಿಸಿಲಿಗೆ ಒಣಗಿ ಸೀಳು ಬಿಟ್ಟಿರುತ್ತದೆ. ಘಟ್ಟದಲ್ಲಿ ಚಳಿಗಾಲದಲ್ಲೂ ಬೆಳಗಿನ ಮಂಜಿಗೆ ಗಾಜು ಒದ್ದೆಯಾಗುತ್ತದೆ, ಆಗ ಸೀಳಿದ ರಬ್ಬರ್ ಗಾಜಿನ ಮೇಲೆ ಗೀರು ಎಳೆಯುತ್ತದೆ ಹೊರತು ಒರೆಸುವುದಿಲ್ಲ. ಹೊಸ ಜೋಡಿ ಹಾಕಿಸಿ.

ನಾವು ಬೆಳಗಿನ ಐದಕ್ಕೆ ಬಿಡುತ್ತೇವೆ. ಹುಬ್ಬಳ್ಳಿ ದಾಟಿ ತಿಂಡಿ, ಹತ್ತರ ಸುಮಾರಿಗೆ ಯಲ್ಲಾಪುರ. ಅಷ್ಟೊತ್ತಿಗೆ ಮಂಜು ಕರಗಿರುತ್ತದೆ, ಕಣ್ಣಿಗೆ ದಣಿವು ಬಂದಿರುವುದಿಲ್ಲ. ಹೆಣ್ಣುಮಕ್ಕಳಿಗೆ ಒಂದು ಮಾತು: ಶೌಚಾಲಯದ ಕೆಲಸ ಯಲ್ಲಾಪುರದಲ್ಲೇ ಮುಗಿಸಿಕೊಳ್ಳಿ. ಅಲ್ಲಿಂದ ಅಂಕೋಲೆವರೆಗೆ ಬಹುಪಾಲು ಕಾಡು, ನಂಬಿಕೊಂಡು ಹೋಗುವಂಥ ಜಾಗ ಸಿಗುವುದು ಕಷ್ಟ. ಬಸ್ ಸ್ಟ್ಯಾಂಡಿಗಿಂತ ದೊಡ್ಡ ಪೆಟ್ರೋಲ್ ಬಂಕ್ ವಾಸಿ. ಪೆಟ್ರೋಲ್ ಹಾಕಿಸುವ ಮೊದಲೇ ಕೀಲಿ ಕೇಳಿ. ಹಾಕಿಸಿದ ಮೇಲೆ ಕೇಳಿದರೆ ‘ನೀರಿಲ್ರೀ’ ಅನ್ನುವವರನ್ನು ನಾವು ಬೇಕಾದಷ್ಟು ಕಂಡಿದ್ದೇವೆ.

ಇನ್ನು ಅರಬೈಲ್. ಒಂದು ಕಾಲಕ್ಕೆ ನಮ್ಮ ಬಳ್ಳಾರಿ-ಹೊಸಪೇಟೆಯ ಅದಿರು ಇದೇ ಘಟ್ಟ ಇಳಿದು ಬೇಲೆಕೇರಿ ಬಂದರಿಗೆ ಹೋಗುತ್ತಿತ್ತು. ಈಗಲೂ ಲಾರಿಗಳಿಗೆ ಕಡಿಮೆ ಇಲ್ಲ. ಇಳಿಜಾರು ಶುರುವಾಗುವ ಮೊದಲೇ ಗೇರ್ ಇಳಿಸಿಬಿಡಿ. ಯಾವ ಗೇರಿನಲ್ಲಿ ಆ ಏರು ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಬೇಕು, ಅಂದರೆ ಸಣ್ಣ ಕಾರಿಗೆ ಎರಡು ಅಥವಾ ಮೂರು. ಎಂಜಿನ್ನೇ ಗಾಡಿಯನ್ನು ಹಿಡಿದಿರುತ್ತದೆ, ಬ್ರೇಕು ಬೇಕಾದಾಗ ಒತ್ತಿ ಬಿಟ್ಟರೆ ಸಾಕು. ಕಾಲು ಬ್ರೇಕಿನ ಮೇಲೆಯೇ ಇಟ್ಟುಕೊಂಡು ಇಳಿದರೆ ಪ್ಯಾಡ್ ಕಾಯ್ದು ಹಿಡಿತ ಬಿಡುತ್ತದೆ. ಪೆಟ್ರೋಲ್ ಉಳಿಯುತ್ತದೆಂದು ನ್ಯೂಟ್ರಲ್ ಮಾಡುವವರು ಕೇಳಿ: ಈಗಿನ ಗಾಡಿಗಳಲ್ಲಿ ಗೇರಿನಲ್ಲೇ ಇದ್ದು ಆಕ್ಸಿಲರೇಟರ್ ಬಿಟ್ಟರೆ ಎಂಜಿನ್ನಿಗೆ ಇಂಧನ ಹೋಗುವುದೇ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಓಡಿಸಲು ಇಂಧನ ಬೇಕೇ ಬೇಕು. ಹೀಗಾಗಿ ಉಳಿತಾಯವೂ ಇಲ್ಲ, ಹಿಡಿತವೂ ಇಲ್ಲ.

ಸುಟ್ಟ ವಾಸನೆ ಬಂತೋ, ಬದಿಗೆ ಅಗಲವಾದ ಜಾಗ ನೋಡಿ ನಿಲ್ಲಿಸಿ. ಎಂಜಿನ್ ಆರಿಸಿ ಗೇರಿನಲ್ಲೇ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಬಿಸಿ ಚಕ್ರಕ್ಕೆ ನೀರು ಹುಯ್ಯಬೇಡಿ. ಅರ್ಧ ತಾಸು ಸುಮ್ಮನೆ ಕೂತರೆ ಸರಿಹೋಗುತ್ತದೆ. ಹೊರಡುವಾಗ ಆ ಕಲ್ಲನ್ನು ಪಕ್ಕಕ್ಕೆ ಎಸೆದು ಹೋಗಿ ಮಾರಾಯರೇ, ಹಿಂದೆ ಬೈಕಿನವರು ಬರುತ್ತಾರೆ.

ಅಕ್ಕನ ಕೆಲಸ ಶುರುವಾಗುವುದು ತಿರುವುಗಳಲ್ಲಿ. ರಸ್ತೆ ಬಲಕ್ಕೆ ತಿರುಗುವಾಗ ಬಲಗಡೆ ಕೂತ ಡ್ರೈವರ್‌ಗೆ ಗುಡ್ಡ ಅಡ್ಡ ಬರುತ್ತದೆ, ಗಾಜಿನ ಪಕ್ಕದ ಕಂಬವೂ ಅಡ್ಡ ಬರುತ್ತದೆ. ಎಡಗಡೆ ಕೂತವರು ತಿರುವಿನ ಹೊರಬದಿಗೆ ಇರುವುದರಿಂದ ಅವರಿಗೆ ಎದುರಿನ ಗಾಡಿ ಒಂದು ಕ್ಷಣ ಮೊದಲೇ ಕಾಣುತ್ತದೆ. ಅದಕ್ಕೆ ಬಲ ತಿರುವು ಬಂದಾಗೆಲ್ಲ ಅಕ್ಕ ಮುಂದಕ್ಕೆ ಬಾಗುತ್ತಾಳೆ.

‘ಲಾರಿ ಐತಿ, ತಡಿ’ ಅಥವಾ ‘ಖಾಲಿ ಐತಿ’, ಎರಡೇ ಮಾತು. ‘ಬಂತು ನೋಡು’, ‘ಅಯ್ಯಯ್ಯೋ’ ಇವು ನಡೆಯುವುದಿಲ್ಲ, ಮೊದಲೇ ಒಪ್ಪಂದ ಮಾಡಿಕೊಳ್ಳಿ. ಕಿರುಚಿದರೆ ಕೈ ನಡುಗುತ್ತದೆ. ‘ಖಾಲಿ ಐತಿ’ ಅಂದರೂ ಓವರ್‌ಟೇಕ್ ಮಾಡುವ ತೀರ್ಮಾನ ನನ್ನದೇ, ಅವಳದ್ದು ಸುದ್ದಿ ಮಾತ್ರ. ಎಡಗಡೆ ಚಕ್ರಕ್ಕೂ ರಸ್ತೆಯ ಅಂಚಿಗೂ ಎಷ್ಟು ಅಂತರ ಇದೆ ಅನ್ನುವುದನ್ನು ನೋಡುವವಳೂ ಅವಳೇ. ಲಾರಿಗೆ ದಾರಿ ಬಿಡುವಾಗ ಅವಳು ಕಿಟಕಿಯಿಂದ ತಲೆ ಹೊರಗೆ ಹಾಕಿ, ‘ಇನ್ನೊಂದು ಗೇಣು ಬಾ, ಸಾಕು ಸಾಕು’ ಎನ್ನುತ್ತಾಳೆ. ಅಂಚು ಡಾಂಬರಿನಿಂದ ಒಮ್ಮೆಲೇ ತಗ್ಗಿಗೆ ಇಳಿದಿರುವ ಕಡೆ ಆ ಒಂದು ಗೇಣೇ ದೊಡ್ಡದು.

ಇಳಿಯುವ ಗಾಡಿಯವರು ಹತ್ತುವ ಗಾಡಿಗೆ ದಾರಿ ಬಿಡಬೇಕು ಅನ್ನುವುದು ನಿಯಮ. ಏರಿನಲ್ಲಿ ನಿಂತ ಲಾರಿ ಮತ್ತೆ ಹೊರಡುವುದು ಎಷ್ಟು ಕಷ್ಟವೆಂದು ಯೋಚಿಸಿದರೆ ನಿಯಮ ತಾನಾಗಿ ನೆನಪಿರುತ್ತದೆ. ಕುರುಡು ತಿರುವಿಗೆ ಹಾರ್ನ್, ಮಂಜಿಗೆ ಲೋ ಬೀಮ್. ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಬೆಳಕು ನಿಮ್ಮ ಕಣ್ಣಿಗೇ ವಾಪಸ್ ಹೊಡೆಯುತ್ತದೆ.

ಪಕ್ಕದವರಿಗೆ ವಾಂತಿ ಬರುವ ತೊಂದರೆ ಇದ್ದರೆ ಮುಂದೆಯೇ ಕೂರಿಸಿ, ಹಿಂದೆ ಬೇಡ. ದೂರದ ರಸ್ತೆ ನೋಡುತ್ತಿರಲಿ, ಮೊಬೈಲ್ ಮುಟ್ಟುವುದು ಬೇಡ. ಹೀಗಾಗಿ ನಕ್ಷೆ ನೋಡುವ ಕೆಲಸ ಪಕ್ಕದವರಿಗೆ ಕೊಡುವ ರೂಢಿಯನ್ನೇ ನಾವು ಬಿಟ್ಟೆವು. ಹುಬ್ಬಳ್ಳಿಯಲ್ಲೇ ನಕ್ಷೆ ಡೌನ್‌ಲೋಡ್ ಮಾಡಿಕೊಂಡು ದನಿ ಹಚ್ಚಿಬಿಡುತ್ತೇವೆ, ಕಾಡಿನೊಳಗೆ ನೆಟ್‌ವರ್ಕ್ ಹೋಗಿ ಬಂದು ಮಾಡುತ್ತದೆ. ಗುಳಿಗೆ ತೆಗೆದುಕೊಳ್ಳುವುದಾದರೆ ಡಾಕ್ಟರನ್ನು ಕೇಳಿ, ಘಟ್ಟಕ್ಕೆ ಮುಂಚೆಯೇ ತೆಗೆದುಕೊಳ್ಳಲಿ. ಅದು ನಿದ್ದೆ ತರುತ್ತದೆ, ಗಾಡಿ ಓಡಿಸುವವರು ಮುಟ್ಟಬಾರದು. ಅಕ್ಕನಿಗೆ ಒಣಶುಂಠಿ ಚೂರು ಬಾಯಲ್ಲಿದ್ದರೆ ಸಾಕು. ತಿಂಡಿಗೆ ಇಡ್ಲಿ ಆಗಬಹುದು, ಮಿರ್ಚಿ-ಮಂಡಕ್ಕಿ ವಾಪಸ್ ಬರುವಾಗ.

ಬುತ್ತಿ ವಿಷಯಕ್ಕೆ ಬಂದರೆ, ಕಡಕ್ ರೊಟ್ಟಿ ಒಯ್ಯುವವರು ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲೇ ಒಯ್ಯಿರಿ. ಬಟ್ಟೆಯಲ್ಲಿ ಕಟ್ಟಿದರೆ ಕಡಲ ಹವೆಗೆ ಒಂದೇ ರಾತ್ರಿಯಲ್ಲಿ ಮೆತ್ತಗಾಗಿ ಚರ್ಮದ ಹಾಗೆ ಜಗ್ಗುತ್ತದೆ. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿಗೆ ಏನೂ ಆಗುವುದಿಲ್ಲ. ಅಲ್ಲಿಯ ಕುಚಲಕ್ಕಿ ಗಂಜಿಗೆ ನಮ್ಮ ಗುರೆಳ್ಳು ಚಟ್ನಿ ಬಹಳ ಹೊಂದುತ್ತದೆ, ಒಮ್ಮೆ ತಿಂದು ನೋಡಿ. ಬಾಯಾರಿಕೆಗೆ ಮುರುಗಲು ಹಣ್ಣಿನ ಪಾನಕ, ಅವರು ಕೋಕಂ ಅಂತಲೂ ಕರೆಯುತ್ತಾರೆ.

ಅಂಕೋಲೆಯಲ್ಲಿ 1930ರ ಉಪ್ಪಿನ ಸತ್ಯಾಗ್ರಹ ನಡೆದದ್ದು ಶಾಲೆಯಲ್ಲಿ ಓದಿರುತ್ತೀರಿ. ಉಪ್ಪು ಹೇಗೆ ಆಗುತ್ತದೆಂದು ನೋಡಬೇಕಾದರೆ ಗೋಕರ್ಣದ ಹತ್ತಿರ ಸಾಣಿಕಟ್ಟಾಕ್ಕೆ ಹೋಗಿ. ಭತ್ತದ ಮಡಿಗಳಂತೆಯೇ ಬದು ಕಟ್ಟಿ ಅಘನಾಶಿನಿಯ ಹಿನ್ನೀರು ಬಿಟ್ಟಿರುತ್ತಾರೆ, ಬೇಸಿಗೆ ಏರಿದಂತೆ ಬೆಳ್ಳಗೆ ಹರಳು ಕಟ್ಟುತ್ತದೆ. ಗಂಗಾವತಿಯ ಗದ್ದೆ ನೋಡಿ ಬೆಳೆದ ಅಕ್ಕ ಅಲ್ಲಿ ನಿಂತರೆ ಎಬ್ಬಿಸಿಕೊಂಡು ಬರುವುದೇ ಕಷ್ಟ. ನನ್ನ ಮಟ್ಟಿಗೆ ಓಂ ಬೀಚಿಗಿಂತ ಇದೇ ಮೇಲು.

ಗೋಕರ್ಣದಲ್ಲಿ ಶನಿವಾರ-ಭಾನುವಾರ ಉಳಿಯುವ ಹುಚ್ಚು ಬೇಡ, ದೇವಸ್ಥಾನದ ಕಡೆಯ ಬೀದಿ ಇಕ್ಕಟ್ಟು, ಗಾಡಿ ಹೊರಗೇ ನಿಲ್ಲಿಸಿ ನಡೆಯಿರಿ. ಉಳಿಯಲು ನಾವು ಕುಮಟಾ ಇಲ್ಲವೇ ಹೊನ್ನಾವರ ಹಿಡಿಯುತ್ತೇವೆ. ಕೋಣೆ ಕಣ್ಣಾರೆ ನೋಡಿ, ಒಳಗಿನ ಚಿಲಕ ಹಾಕಿ ತೆಗೆದು, ಆಮೇಲೆ ದುಡ್ಡಿನ ಮಾತು. ಹೊನ್ನಾವರದಲ್ಲಿ ಶರಾವತಿಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ ಕಟ್ಟಿಗೆಯ ಹಾದಿ ಇದೆ, ಪಕ್ಕದಲ್ಲೇ ಕಾಸರಕೋಡು ಬೀಚು. ಸ್ವಚ್ಛ, ಸುರಕ್ಷಿತ ಬೀಚುಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಅದಕ್ಕೆ 2020ರಲ್ಲಿ ಸಿಕ್ಕಿತು. ಬಟ್ಟೆ ಬದಲಿಸಲು, ಸ್ನಾನಕ್ಕೆ ವ್ಯವಸ್ಥೆ ಇರುವುದರಿಂದ ಹೆಂಗಸರಿಗೆ ಅನುಕೂಲ. ಮುರ್ಡೇಶ್ವರಕ್ಕೆ ಬೆಳಗ್ಗೆ ಬೇಗ ಹೋಗಿ, 123 ಅಡಿಯ ಶಿವನನ್ನು ನೋಡಿ, ಬಸ್ಸುಗಳು ಬರುವ ಮೊದಲು ಹೊರಬೀಳಿ.

ನೀರಿಗೆ ಇಳಿಯುವವರಿಗೆ: ತುಂಗಭದ್ರಾ ಕಾಲುವೆಯಲ್ಲಿ ಈಜು ಕಲಿತ ಧೈರ್ಯ ಕಡಲಿಗೆ ಸಾಲದು. ಕಾಲುವೆ ಒಂದೇ ಕಡೆ ಎಳೆಯುತ್ತದೆ. ಕಡಲಲ್ಲಿ ದಂಡೆಗೆ ಬಂದ ನೀರು ಕೆಲವು ಕಡೆ ಕಿರಿದಾದ ಹರಿವಾಗಿ ಜೋರಾಗಿ ಒಳಕ್ಕೆ ಹೋಗುತ್ತದೆ. ಅದರಲ್ಲಿ ಸಿಕ್ಕರೆ ದಂಡೆಯ ಕಡೆ ಹೊಡೆದಾಡಬಾರದು, ದಂಡೆಗೆ ಸಮನಾಗಿ ಅಡ್ಡಕ್ಕೆ ಈಜಿ ಹರಿವಿನಿಂದ ಆಚೆ ಬಂದು ಆಮೇಲೆ ತಿರುಗಬೇಕು. ಅಲೆ ಒಡೆಯದೆ ಶಾಂತವಾಗಿ ಕಾಣುವ ಜಾಗವೇ ಹಲವು ಸಲ ಆ ಹರಿವು. ಕೆಂಪು ಬಾವುಟ ಇದ್ದರೆ, ಜೀವರಕ್ಷಕರು ಬೇಡ ಅಂದರೆ, ಪಾದ ತೊಯಿಸಿಕೊಂಡು ಬನ್ನಿ.

ಹತ್ತುವ ದಿನ ಹೊನ್ನಾವರದಲ್ಲೇ ಪೆಟ್ರೋಲ್ ತುಂಬಿಸಿ. ಗೇರುಸೊಪ್ಪದವರೆಗೆ ಶರಾವತಿ ಜೊತೆಗೇ ಬರುತ್ತಾಳೆ, ಅಲ್ಲಿಂದ ಏರು. ಎರಡನೇ ಗೇರಿನಲ್ಲಿ ನಿಧಾನಕ್ಕೆ ಹತ್ತಿ, ಕ್ಲಚ್ ಅರ್ಧ ಒತ್ತಿ ಎಳೆಯಬೇಡಿ. ಟೆಂಪರೇಚರ್ ಮುಳ್ಳು ಮೇಲೇರಿದರೆ ಏಸಿ ಆರಿಸಿ. ಏರಿನಲ್ಲಿ ನಿಂತು ಹೊರಡುವಾಗ ಹ್ಯಾಂಡ್‌ಬ್ರೇಕ್ ಹಾಕಿಕೊಂಡೇ ಕ್ಲಚ್ ಬಿಡಿ, ಗಾಡಿ ಎಳೆದದ್ದು ಗೊತ್ತಾದ ಮೇಲೆ ಬ್ರೇಕ್ ಇಳಿಸಿ. ಇದನ್ನು ಊರಲ್ಲೇ ಯಾವುದಾದರೂ ಫ್ಲೈಓವರ್ ಏರಿನ ಮೇಲೆ ಬೆಳಗಿನ ಜಾವ ರೂಢಿ ಮಾಡಿಕೊಳ್ಳಿ. ಈ ಕಾಡಿನಲ್ಲಿ ಸಿಂಗಳೀಕಗಳಿವೆ. ಕಂಡರೆ ಏನನ್ನೂ ತಿನ್ನಲು ಹಾಕಬೇಡಿ, ರಸ್ತೆಗೆ ಬರುವುದು ಕಲಿತ ಪ್ರಾಣಿ ಚಕ್ರಕ್ಕೆ ಸಿಗುತ್ತದೆ.

ಜೋಗದಲ್ಲಿ 253 ಮೀಟರಿನಿಂದ ಬೀಳುವ ರಾಜ, ರಾಣಿ, ರೋರರ್, ರಾಕೆಟ್ ಚಳಿಗಾಲಕ್ಕೆ ಸೊರಗಿರುತ್ತವೆ. ಬೈಯಬೇಡಿ, ಮೇಲೆ ಲಿಂಗನಮಕ್ಕಿಯಲ್ಲಿ ನೀರು ಕಟ್ಟಿರುತ್ತಾರೆ. ಶಿರಸಿಯಲ್ಲಿ ಮಾರಿಕಾಂಬೆಯ ದರ್ಶನ, ಕಾಗದದಷ್ಟು ತೆಳ್ಳಗಿನ ಸಿಹಿತಿಂಡಿ ತೊಡದೇವು ಖರೀದಿ. ತೊಡದೇವು ಹಿಂದಿನ ಸೀಟಿನ ಮೇಲೆ ಇಡಿ, ಡಿಕ್ಕಿಯಲ್ಲಿಟ್ಟರೆ ಪುಡಿ. ಮುಂಡಗೋಡದ ಟಿಬೆಟನ್ ಕ್ಯಾಂಪಿನಲ್ಲಿ ಮೋಮೋ ತಿಂದು ಹುಬ್ಬಳ್ಳಿ ಸೇರಿದರೆ ಮುಂದಿನದು ನಮ್ಮದೇ ನೇರ ರಸ್ತೆ. ಹೆದ್ದಾರಿಯಲ್ಲಿ ಗಾಡಿ ಕೈಕೊಟ್ಟರೆ 1033, ಬೇರೆ ಆಪತ್ತಿಗೆ 112, ಎರಡೂ ಪಕ್ಕದವರ ಮೊಬೈಲಿನಲ್ಲೂ ಇರಲಿ.

ಖರ್ಚಿಗೆ ಒಂದೇ ಚೀಲ, ಅದು ಅಕ್ಕನ ಕೈಯಲ್ಲಿ. ಹೊರಡುವಾಗ ಇಬ್ಬರೂ ಸಮ ಹಾಕುತ್ತೇವೆ, ಮುಗಿದರೆ ಮತ್ತೆ ಸಮ. ಸೀರೆ, ಅಡಿಕೆ, ಒಣಮೀನು ಅವರವರ ಸ್ವಂತ. ಒಣಮೀನು ತರುವವರು ಮೂರು ಕವರ್ ಸುತ್ತಿ, ಕಿಟಕಿ ತೆಗೆದಿಟ್ಟುಕೊಂಡು ಬನ್ನಿ. ಊರಿಗೆ ಬಂದ ಮರುದಿನ ಗಾಡಿಯ ಕೆಳಭಾಗಕ್ಕೆ ಪ್ರೆಶರ್ ನೀರು ಹೊಡೆಸಿ, ಮೇಲೆ ಮಾತ್ರ ತೊಳೆದರೆ ಉಪ್ಪು ಅಡಿಯಲ್ಲೇ ಕೂತು ತುಕ್ಕು ಹಿಡಿಸುತ್ತದೆ. ಮ್ಯಾಟ್ ತೆಗೆದು ಮರಳು ಕೊಡವಿ, ಬ್ರೇಕ್ ಪ್ಯಾಡ್ ಎಷ್ಟು ಸವೆದಿದೆ ಅಂತ ಮತ್ತೊಮ್ಮೆ ತೋರಿಸಿ.